ಅನ್ನದ ಕೆಳಗಿನ ಮೊಟ್ಟೆ

“ಮುಖ ಎಲ್ಲಿ?” ಎಂದರು ಪ್ಯೋ ಮೇಡಂ.

ನಾಲ್ಕು ತಿಂಗಳು ಬೆಟ್ಟ ಹತ್ತಿ ಇಳಿದು, ಹೊಸ ಕೋಟಿನ ಆಸೆ ಬಿಟ್ಟು ಆ ದುಡ್ಡನ್ನೆಲ್ಲ ಫಿಲ್ಮಿಗೆ ಸುರಿದು, ಸೋಸಿ ಸೋಸಿ ಆರಿಸಿದ ಇಪ್ಪತ್ತು ಚಿತ್ರಗಳನ್ನು ಇನ್‌ಸುಕ್ ಗ್ಯಾಲರಿಯ ಉದ್ದ ಮೇಜಿನ ಮೇಲೆ ಹರವಿದ್ದಳು. ಗ್ಯಾಲರಿಯ ಒಡತಿ ಪ್ಯೋ ಮೇಡಂ ಕನ್ನಡಕವನ್ನು ಹಣೆಗೇರಿಸಿ, ಸಂತೆಯಲ್ಲಿ ಮೂಲಂಗಿ ಆರಿಸುವವರಂತೆ ಒಂದೊಂದನ್ನೇ ಎತ್ತಿ, ತಿರುಗಿಸಿ, ಕೆಳಗಿಟ್ಟರು. ಕೋಟು ತೊಟ್ಟ ಒಂದು ಬೆನ್ನು. ಮತ್ತೊಂದು ಬೆನ್ನು. ಪೈನ್ ಮರದ ಕೊಂಬೆಗೆ ನೇತುಹಾಕಿದ ಟೈ. ಚಾಪೆಯ ಪಕ್ಕ ಸಾಲಾಗಿ ಬಿಟ್ಟ ಆರು ಜೊತೆ ಆಫೀಸಿನ ಬೂಟು, ಆರೂ ಜೊತೆಗೂ ಪಾಲಿಶ್ ಬೇರೆ.

“ಎಲ್ಲಾ ಚೆನ್ನಾಗಿದಾವೆ ಕಣಮ್ಮ. ಆದ್ರೆ ಬೆನ್ನು ನೋಡೋಕೆ ನನ್ನ ಗ್ಯಾಲರಿಗೆ ಯಾಕೆ ಬರ್ತಾರೆ? ಈಗ ಬೀದಿಗಿಳಿದ್ರೆ ಎಲ್ಲರೂ ಒಬ್ಬರಿಗೊಬ್ಬರು ಬೆನ್ನೇ ತೋರಿಸ್ತಿರೋದು.”

ಇನ್‌ಸುಕ್ ಹಲ್ಲು ಕಚ್ಚಿಕೊಂಡಳು. ಹನ್ನೆರಡು ವರ್ಷದಿಂದ ಕ್ಯಾಮೆರಾ ಹೊತ್ತವಳಿಗೆ ಇದು ಮೊದಲ ಪ್ರದರ್ಶನ. ಅದೂ ಯೋಗ್ಯತೆ ನೋಡಿ ಕರೆದದ್ದಲ್ಲ. ಮೇ ತಿಂಗಳಿಗೆ ಗೊತ್ತಾಗಿದ್ದ ವರ್ಣಚಿತ್ರಕಾರ ಗೋಡೆಯ ಬಾಡಿಗೆ ಕೊಡಲಾಗದೆ ಕೈಯೆತ್ತಿದ್ದ. ಗೋಡೆ ಖಾಲಿ ಬಿದ್ದಿತ್ತು. ಖಾಲಿ ಗೋಡೆಗಿಂತ ಇನ್‌ಸುಕ್ ವಾಸಿ ಎಂದು ಪ್ಯೋ ಮೇಡಂ ಫೋನು ಮಾಡಿದ್ದರು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕೊನೆಯ ಗಡುವು. ಅಷ್ಟರೊಳಗೆ ಒಂದು ಮುಖ ತಂದರೆ ಗೋಡೆ ಅವಳದು, ತಾರದಿದ್ದರೆ ಪೀಠೋಪಕರಣ ಮಾರುವವನೊಬ್ಬ ಸಾಲಿನಲ್ಲಿ ನಿಂತಿದ್ದ.

ದಿವಾಳಿಯಂಚಿಗೆ ಬಂದ ದೇಶಕ್ಕೆ ಸಾಲ ಕೊಡಲು ಐಎಂಎಫ್ ಬಂದು ಐದನೆಯ ತಿಂಗಳು ಅದು. ಸಿಯೋಲ್‌ನಲ್ಲಿ ಜನ ಹಾಗೇ ಅನ್ನುತ್ತಿದ್ದರು, ‘ಐಎಂಎಫ್ ಬಂತು’ ಎಂದು, ಊರಿಗೆ ಮಾರಿ ಬಂದ ಹಾಗೆ. ಮದುವೆ ಮುರಿದರೂ ಐಎಂಎಫ್, ಸಾರಿಗೆ ಮಾಂಸ ಕಡಿಮೆ ಬಿದ್ದರೂ ಐಎಂಎಫ್. ಇನ್‌ಸುಕ್ ಕೆಲಸ ಮಾಡುತ್ತಿದ್ದ ವಾರಪತ್ರಿಕೆ ಡಿಸೆಂಬರಿನಲ್ಲಿ ಮುಚ್ಚಿತು. ಕೊನೆಯ ದಿನ ಸಂಪಾದಕರು ಎಲ್ಲರಿಗೂ ಒಂದೊಂದು ಕುಂಡದ ಗಿಡ ಕೊಟ್ಟು ಕಳಿಸಿದರು. ಅವಳು ಆ ಗಿಡವನ್ನು ಬಸ್ಸಿನಲ್ಲೇ ಬಿಟ್ಟು ಬಂದಳು. ಮನೆಗೆ ಒಯ್ದಿದ್ದರೆ ಅಮ್ಮ ಕೇಳುತ್ತಿದ್ದಳು.

ಅಮ್ಮ ಒಕ್ಬುನ್‌ಗೆ ಅವಳು ಇವತ್ತಿಗೂ ಹೇಳಿರಲಿಲ್ಲ. ಹೇಳುವುದೇನು, ಬಾಯಿ ಬಿಟ್ಟರೆ ನಾಲ್ಕು ಮಾತು. ಆ ನಾಲ್ಕು ಮಾತನ್ನು ನಾಳೆ ಹೇಳಿದರಾಯಿತು ಎಂದು ನಾಲ್ಕು ತಿಂಗಳು ದೂಡಿದ್ದಳು. ಎಪ್ಪತ್ತೊಂದರ ಅಮ್ಮ ಹೋಟೆಲುಗಳಿಗೆ ಬೆಳ್ಳುಳ್ಳಿ ಸುಲಿದುಕೊಡುತ್ತ, ಬೆಳಿಗ್ಗೆ ಎದ್ದು ಮಗಳಿಗೆ ಡಬ್ಬಿ ಕಟ್ಟಿ, ಬೂಟು ಒರೆಸಿ ಬಾಗಿಲಿಗೆ ಮುಖ ಮಾಡಿಟ್ಟು ಕಳಿಸುತ್ತಿದ್ದಳು. ನಲವತ್ತರ ಮಗಳು ಕ್ಯಾಮೆರಾ ಚೀಲ ಹೆಗಲಿಗೇರಿಸಿ “ಹೋಗ್ಬರ್ತೀನಮ್ಮ” ಅನ್ನುತ್ತಿದ್ದಳು. ಹೋಗುವುದಕ್ಕೆ ಜಾಗ ಬೇಕಲ್ಲ. ಹೀಗಾಗಿ ಅವಳೂ ಗ್ವಾನಾಕ್ ಬೆಟ್ಟ ಹತ್ತಿದಳು.

ಅಲ್ಲಿ ನೋಡಿದರೆ ಅರ್ಧ ಸಿಯೋಲ್ ಬಂದು ಕೂತಿತ್ತು. ಸೂಟು, ಟೈ, ಚರ್ಮದ ಕೈಚೀಲ. ಎಲ್ಲರೂ ಮನೆಯಲ್ಲಿ ಆಫೀಸಿಗೆಂದು ಹೇಳಿ ಹೊರಟವರೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಕ್ಕುಬಿಡಬಹುದಿತ್ತು, ಅವಳ ಜುಟ್ಟಿನಲ್ಲೂ ಅದೇ ಹೂವಿರದಿದ್ದರೆ. ಅವಳು ನಗಲಿಲ್ಲ, ಕ್ಯಾಮೆರಾ ತೆಗೆದಳು.

ಚಿತ್ರ ತೆಗೆಯಲು ಒಪ್ಪಿಗೆ ಕೊಟ್ಟವರು ತಾಕ್ ಮ್ಯಾನೇಜರು. ಕಾಗದದ ಕಂಪನಿಯೊಂದರಲ್ಲಿ ಇಪ್ಪತ್ನಾಲ್ಕು ವರ್ಷ ದುಡಿದು, ಮಾರಾಟ ವಿಭಾಗದ ಮ್ಯಾನೇಜರಾಗಿ, ಜನವರಿಯಲ್ಲಿ ಹೊರಬಿದ್ದ ಐವತ್ತೊಂದರ ಕುಳ್ಳು ಮನುಷ್ಯ. ತಲೆಗೂದಲಿಗೆ ಎಣ್ಣೆ ಹಚ್ಚಿ ಬಾಚದೆ ಬೆಟ್ಟ ಹತ್ತುವವರಲ್ಲ. ಎರಡನೆಯ ನೀರಿನ ಚಿಲುಮೆಯ ಪಕ್ಕದ ಬಂಡೆಯ ಮೇಲೆ ಅವರ ಗುಂಪಿನ ಚಾಪೆ. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹಳೆಯ ಹುದ್ದೆಯಿಂದಲೇ ಕರೆಯುತ್ತಿದ್ದರು, ಕೂರುವುದೂ ಹುದ್ದೆಯ ಪ್ರಕಾರವೇ. ಬೇರೆ ಬೇರೆ ಕಂಪನಿಯವರಾದರೇನಂತೆ, ಮ್ಯಾನೇಜರು ಮೇಲುಗಡೆ, ಅಸಿಸ್ಟೆಂಟ್ ಮ್ಯಾನೇಜರುಗಳು ಕೆಳಗಡೆ. ಕಳಚಿಟ್ಟ ಬೂಟುಗಳ ಸಾಲೂ ಅದೇ ಕ್ರಮದಲ್ಲಿ. ಬೆನ್ನು ತೆಗೆಯಿರಿ, ಬೂಟು ತೆಗೆಯಿರಿ, ಮುಖ ಮಾತ್ರ ಬೇಡ, ಎಂದು ತಾಕ್ ಮ್ಯಾನೇಜರು ಮೊದಲ ದಿನವೇ ಷರತ್ತು ಹಾಕಿದ್ದರು. ಇನ್‌ಸುಕ್ ಮಾತು ಕೊಟ್ಟಿದ್ದಳು.

ಮಾತು ಒಂದು ಸಲ ಮುರಿದಿದ್ದಳು. ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಮ್ಯಾನೇಜರು ಊಟ ಮಾಡುತ್ತಿದ್ದಾಗ ಅವರ ಕೈಗಳ ಚಿತ್ರಕ್ಕೆ ಹೊಂಚುತ್ತಿದ್ದವಳು ತಲೆಯೆತ್ತಿದರೆ, ಅವರ ಮುಖ ಇದ್ದಕ್ಕಿದ್ದಂತೆ ಬದಲಾಗಿತ್ತು. ಚಮಚ ಗಾಳಿಯಲ್ಲಿ ನಿಂತಿತ್ತು. ಕಣ್ಣು ತುಂಬಿತ್ತು. ತುಟಿ ಅಳುವುದೋ ನಗುವುದೋ ತಿಳಿಯದೆ ಒದ್ದಾಡುತ್ತಿತ್ತು. ಬುದ್ಧಿ ಬೇಡವೆನ್ನುವ ಮೊದಲೇ ಬೆರಳು ಒತ್ತಿಬಿಟ್ಟಿತ್ತು. ಅದೊಂದು ಚಿತ್ರವನ್ನು ಅವಳು ಇಪ್ಪತ್ತರಲ್ಲಿ ಸೇರಿಸಿರಲಿಲ್ಲ. ಆದರೆ ಇಡೀ ರೀಲಿನ ಪುಟ್ಟ ಪುಟ್ಟ ಚಿತ್ರಗಳಿದ್ದ ಹಾಳೆ ಚೀಲದಲ್ಲಿತ್ತು. ಪ್ಯೋ ಮೇಡಂ ಅದನ್ನೂ ಎಳೆದುಕೊಂಡು ಭೂತಗನ್ನಡಿ ಓಡಿಸಿ, ನೇರ ಅಲ್ಲಿಗೇ ಬಂದು ನಿಂತರು.

“ಇದನ್ನ ಬಚ್ಚಿಟ್ಕೊಂಡು ನನಗೆ ಬೂಟು ತೋರಿಸ್ತಿದೀಯಲ್ಲ ತಾಯಿ.”

ಅವರು ಕೆಂಪು ಪೆನ್ಸಿಲು ತೆಗೆದು ಆ ಪುಟ್ಟ ಚಿತ್ರದ ಮೇಲೆ ಚೌಕ ಎಳೆದರು. ಬಂಡೆ ಹೋಯಿತು, ಚಾಪೆ ಹೋಯಿತು, ಊಟದ ಡಬ್ಬಿ ಹೋಯಿತು, ಮುಖವೊಂದು ಉಳಿಯಿತು. ಇಷ್ಟನ್ನೇ ದೊಡ್ಡದು ಮಾಡು, ಬಾಗಿಲಿಗೆ ಎದುರಾಗಿ ಹಾಕೋಣ, ಕೆಳಗೆ ‘ಹಸಿವು’ ಅಂತ ಬರಿ, ಎಂದರು. ಜೊತೆಗೆ ಒಪ್ಪಿಗೆ ಪತ್ರದ ಹಾಳೆಯೊಂದನ್ನು ಕೊಟ್ಟರು. ಹಿಂದೊಮ್ಮೆ ಯಾರೋ ಹುಡುಗಿಯ ಮುಖ ಕೇಳದೆ ತೂಗುಹಾಕಿ, ಅವಳ ಅಣ್ಣಂದಿರು ಬಂದು ಗಾಜು ಪುಡಿ ಮಾಡಿ ಹೋಗಿದ್ದರಂತೆ. ಈ ಮನುಷ್ಯ ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಿಕೊಡದೆ ಮುಖ ತರಬೇಡ ಎಂದು ಎರಡು ಸಲ ಹೇಳಿದರು.

ಭಾನುವಾರ ಅಮ್ಮ ದೇವಸ್ಥಾನಕ್ಕೆ ಹೋದದ್ದೇ ತಡ, ಇನ್‌ಸುಕ್ ಬಚ್ಚಲಿನ ಕಿಟಕಿಗೆ ಕಂಬಳಿ ಹೊಡೆದು, ಕೆಂಪು ಬಲ್ಬು ಹಾಕಿ ಮುದ್ರಣಕ್ಕೆ ಕೂತಳು. ಮೊದಲು ಇಡೀ ಚಿತ್ರವನ್ನು ಇದ್ದ ಹಾಗೇ ಒಂದು ಸಲ ಮುದ್ರಿಸಿದಳು. ಅದು ಅವಳ ಹಳೆಯ ಅಭ್ಯಾಸ. ಅದನ್ನು ಬಟ್ಟೆ ಒಣಗಿಸುವ ತಂತಿಗೆ ಸಿಕ್ಕಿಸಿ, ಕೆಂಪು ಚೌಕದ ಪ್ರಕಾರ ಮುಖವನ್ನಷ್ಟೇ ಹಿಗ್ಗಿಸಿದಳು. ದ್ರಾವಣದಲ್ಲಿ ಆ ಕಣ್ಣುಗಳು ಮೂಡಿ ಬಂದಾಗ ಅವಳಿಗೆ ಮೈ ಜುಮ್ಮೆಂದಿತು. ಇಂಥದು ಜೀವಮಾನಕ್ಕೊಂದು ಸಿಗುತ್ತದೆ, ಅದೂ ಕದ್ದದ್ದು.

ಹೊರಗಿನಿಂದ ಬಾಗಿಲು ಬಡಿದ ಸದ್ದು.

“ಒಳಗೇನೇ ಮೊಟ್ಟೆ ಇಡ್ತಾ ಕೂತಿದೀಯ? ಮುದುಕಿ ಬಸ್ಸಿಳಿದು ಓಡಿ ಬಂದಿದೀನಿ, ಬಾಗಿಲು ತೆಗಿ.”

ಅಮ್ಮ ಬಚ್ಚಲಿಂದ ಈಚೆ ಬರಲು ಬೇಕಾದುದಕ್ಕಿಂತ ಹೆಚ್ಚು ಹೊತ್ತೇ ಹಿಡಿಯಿತು. ಬಂದವಳು ಆ ತಂತಿಯ ಮೇಲಿರೋನು ಯಾರು ಎಂದು ವಿಚಾರಿಸಿದಳು. ಪತ್ರಿಕೆಗೆ ತೆಗೆದದ್ದು, ಯಾರೋ ಒಬ್ಬರು, ಎಂದಳು ಇನ್‌ಸುಕ್, ಮುಖ ತಿರುಗಿಸಿಕೊಂಡು.

“ಪುಣ್ಯವಂತ. ಒಳ್ಳೆ ಹೆಂಡ್ತಿ ಸಿಕ್ಕಿದಾಳೆ,” ಎಂದಳು ಅಮ್ಮ, ಮತ್ತು ಬೆಳ್ಳುಳ್ಳಿ ಬುಟ್ಟಿ ಎಳೆದುಕೊಂಡಳು.

ಮುದುಕಿಯರು ಏನಾದರೂ ಅನ್ನುತ್ತಿರುತ್ತಾರೆ. ಇನ್‌ಸುಕ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ತಲೆಯ ತುಂಬ ಮುದ್ರೆಯದೇ ಚಿಂತೆ.

ಸೋಮವಾರ ಅವಳು ಎರಡನೆಯ ಚಿಲುಮೆಗೆ ಬಂದಾಗ ಹನ್ನೆರಡಾಗಿತ್ತು. ಗುಡ್ಡದ ತುಂಬ ಗುಲಾಬಿ ಬಣ್ಣದ ಹೂ ಬಿರಿದಿದ್ದವು, ಅವುಗಳಿಗೇನು, ಕೆಲಸ ಹೋಗುವ ಭಯವೇ. ಚಾಪೆಯ ಕೆಳಗಡೆ ಇಬ್ಬರು ಅಸಿಸ್ಟೆಂಟ್ ಮ್ಯಾನೇಜರುಗಳು ಕಪ್ಪು ಬಿಳಿ ಕಲ್ಲಿನಾಟದಲ್ಲಿ ಮುಳುಗಿದ್ದರು. ತಾಕ್ ಮ್ಯಾನೇಜರು ಮೇಲುಗಡೆ ಒಬ್ಬರೇ ಕೂತು ನೆನ್ನೆಯ ಪೇಪರು ಓದುತ್ತಿದ್ದರು. ಇನ್‌ಸುಕ್ ಬೂಟು ಕಳಚಿ, ಕ್ಯಾಮೆರಾವನ್ನು ಇಬ್ಬರ ನಡುವೆ ಇಟ್ಟು, ಅವರ ಎದುರಿಗೆ ಕೂತಳು. ಬೆಳಕಿಗೂ ದೂರಕ್ಕೂ ಸರಿಹೊಂದಿಸಿ ಇಟ್ಟಿದ್ದಳು, ಏನಾದರೂ ಸಿಕ್ಕೀತು ಎಂಬ ಕೆಟ್ಟ ಆಸೆಯಿಂದ.

ಒಂದು ತಪ್ಪು ಮಾಡಿದ್ದೇನೆ ಎಂದು ಶುರುಮಾಡಿದಳು. ಅವರು ಪೇಪರು ಮಡಚಿದರು.

“ಅವತ್ತು ತೆಗೆದ್ರಲ್ಲ, ಅದೇ ತಾನೆ? ಕ್ಲಿಕ್ ಅಂದಿದ್ದು ಕೇಳಿಸ್ತು ಕಲಾವಿದೆಯವ್ರೇ. ನನ್ನ ಕಿವಿ ಇನ್ನೂ ಡ್ಯೂಟಿ ಮೇಲಿದೆ. ಅದನ್ನ ಯಾರೂ ಮನೆಗೆ ಕಳಿಸಿಲ್ಲ.”

ಕೇಳಿದ್ದರೂ ಎರಡು ವಾರ ಸುಮ್ಮನಿದ್ದರಲ್ಲ ಎಂದು ಅವಳಿಗೆ ಧೈರ್ಯ ಬಂತು. ಮುಖದ ಚಿತ್ರವನ್ನು ಲಕೋಟೆಯಿಂದ ತೆಗೆದು ಮುಂದಿಟ್ಟಳು. ಗ್ಯಾಲರಿ, ಗಡುವು, ಖಾಲಿ ಗೋಡೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮ್ಯಾನೇಜರು ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಹಿಂದೆ ಪೆನ್ಸಿಲಿನಲ್ಲಿ ಬರೆದದ್ದನ್ನೂ ತಿರುಗಿಸಿ ಓದಿದರು.

“ಹಸಿವು. ಯಾರಿಗೆ?”

“ಅಂದ್ರೆ?”

“ಹಸಿವು ಯಾರಿಗೆ ಅಂತ ಕೇಳ್ದೆ. ನನಗಂತೂ ಅವತ್ತು ಹಸಿವಿರ್ಲಿಲ್ಲ. ಅರ್ಧ ಊಟ ಆಗಿತ್ತು.” ಮತ್ತೆ ಚಿತ್ರದ ಕೆಳಅಂಚನ್ನು ಬೆರಳಿನಿಂದ ಸವರಿದರು. “ಡಬ್ಬಿ ಎಲ್ಲಿ?”

ಅದು ಕತ್ತರಿಸಿ ಹೋಯಿತು ಎನ್ನಲು ಅವಳಿಗೆ ನಾಚಿಕೆಯಾಯಿತು. ಮೊದಲು ಮುದ್ರಿಸಿದ ಇಡೀ ಚಿತ್ರವೂ ಲಕೋಟೆಯಲ್ಲಿತ್ತು. ತೆಗೆದುಕೊಟ್ಟಳು. ಅದರಲ್ಲಿ ಕೆಳಗೆ, ಮೂಲೆಯಲ್ಲಿ, ಅಷ್ಟೇನೂ ನಿಚ್ಚಳವಿಲ್ಲದೆ, ತೊಡೆಯ ಮೇಲೆ ತಗಡಿನ ಡಬ್ಬಿ ಇತ್ತು. ಅನ್ನದ ಅರ್ಧ ತೋಡಿತ್ತು. ತೋಡಿದ ಕಡೆ ತಳದಲ್ಲಿ ಕರಿದ ಮೊಟ್ಟೆಯ ಅಂಚು ಇಣುಕುತ್ತಿತ್ತು. ಮ್ಯಾನೇಜರು ಅದರ ಮೇಲೆ ಉಗುರಿಟ್ಟರು.

“ನನ್ನ ಮುಖ ನೋಡಿದ್ರಿ, ನಾನು ಏನು ನೋಡ್ತಿದೀನಿ ಅಂತ ನೋಡ್ಲಿಲ್ಲ. ಹನ್ನೆರಡು ವರ್ಷ ಇದೇ ಕಸುಬು ಅಂತೀರಿ.”

ಇನ್‌ಸುಕ್‌ಗೆ ಚುರುಕ್ಕೆಂದಿತು. ಮೊಟ್ಟೆ ಇದ್ದರೇನೀಗ ಎಂದು ಕೇಳಿದಳು, ಸ್ವಲ್ಪ ಒರಟಾಗಿಯೇ.

ತಾಕ್ ಮ್ಯಾನೇಜರು ಕಲ್ಲಿನಾಟದವರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ನನ್ನ ಹೆಂಡ್ತಿ ಇಪ್ಪತ್ನಾಲ್ಕು ವರ್ಷ ಮೊಟ್ಟೇನ ಅನ್ನದ ಮೇಲಿಟ್ಟೇ ಕಟ್ಟಿರೋದು. ಆಫೀಸಲ್ಲಿ ಮುಚ್ಚಳ ತೆಗೆದ ತಕ್ಷಣ ನಾಲ್ಕು ಜನ ನೋಡ್ಬೇಕು, ಇವನ ಮನೇಲಿ ಚೆನ್ನಾಗಿ ನೋಡ್ಕೋತಾರೆ ಅಂತ. ಜನವರಿ ಆದ್ಮೇಲೂ ಮೇಲೇ ಇಡ್ತಿದ್ಲು. ಅವತ್ತು ಮುಚ್ಚಳ ತೆಗೆದ್ರೆ ಬರೀ ಅನ್ನ. ಮೊಟ್ಟೆಗೂ ಕತ್ತರಿ ಬಿತ್ತು ಅಂದ್ಕೊಂಡು ತಿನ್ತಾ ಹೋದೆ. ತಳದಲ್ಲಿ ಚಮಚಕ್ಕೆ ತಗುಲ್ತು.”

ಅವರು ಚಿತ್ರವನ್ನು ಚಾಪೆಯ ಮೇಲಿಟ್ಟರು.

“ತಳದಲ್ಲಿ ಯಾರಿಗಿಡ್ತಾರೆ ಹೇಳಿ. ಸ್ಕೂಲು ಮಕ್ಕಳಿಗೆ. ಹಸಿದ ಹುಡುಗ್ರ ಮಧ್ಯೆ ಕೂತು ತಿನ್ನೋ ಮಗುಗೆ, ಯಾರೂ ಕಿತ್ಕೋಬಾರ್ದು, ಇವನೊಬ್ಬನೇ ತಿನ್ಲಿ ಅಂತ. ಮ್ಯಾನೇಜರ ಕೈಯಿಂದ ಆಫೀಸಲ್ಲಿ ಮೊಟ್ಟೆ ಕಿತ್ಕೊಳ್ಳೋರು ಯಾರು?”

ಇನ್‌ಸುಕ್ ಕಣ್ಣಿಗೆ ಇದು ಬೀಳದಿದ್ದುದಕ್ಕೆ ಕಾರಣವಿತ್ತು. ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರ ಮನೆಯಲ್ಲಿ ಮೊಟ್ಟೆಯೇ ಇರಲಿಲ್ಲ, ಅನ್ನದ ಮೇಲೂ ಇಲ್ಲ, ಕೆಳಗೂ ಇಲ್ಲ. ಪಕ್ಕದ ಹುಡುಗಿಯ ಡಬ್ಬಿಯ ತಳದಿಂದ ಕಿತ್ತುಕೊಂಡವರಲ್ಲಿ ಅವಳೂ ಒಬ್ಬಳು. ಅದನ್ನು ಮ್ಯಾನೇಜರಿಗೆ ಹೇಳಲು ಹೋಗಲಿಲ್ಲ. ಹಾಗಾದರೆ ನಿಮ್ಮ ಹೆಂಡತಿಗೆ ಗೊತ್ತು ಅಂದಳು, ಅಷ್ಟೇ.

“ಅವಳಿಗೆ ಗೊತ್ತು ಅಂತ ನನಗೆ ಗೊತ್ತು. ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತೋ ಇಲ್ವೋ, ಅದು ಗೊತ್ತಿಲ್ಲ. ಮೊಟ್ಟೆ ಮಾತ್ರ ಅವತ್ತಿಂದ ತಳದಲ್ಲೇ ಇದೆ.”

ಈಗ ಅವಳಿಗೆ ಚಿತ್ರದ ಬೆಲೆ ಹತ್ತು ಪಟ್ಟಾಯಿತು, ಸಂಕಟವೂ ಅಷ್ಟೇ. ಹಾಗಿದ್ದರೆ ‘ಹಸಿವು’ ಬೇಡ, ಇಡೀ ಚಿತ್ರವನ್ನೇ ಹಾಕುತ್ತೇನೆ, ನೀವು ಹೇಳಿದ್ದನ್ನೇ ಬರೆಯುತ್ತೇನೆ, ಹೇಗೂ ಮನೆಯಲ್ಲಿ ಗೊತ್ತಿದೆಯಲ್ಲ, ಮುದ್ರೆ ಒತ್ತಿ ಎಂದು ಹಾಳೆ ಚಾಚಿದಳು. ಅವರು ಹಾಳೆಯನ್ನು ಮುಟ್ಟಲಿಲ್ಲ.

“ಇದರಲ್ಲಿ ಇಬ್ಬರಿದೀವಿ. ಅವಳನ್ನ ಕೇಳದೆ ಹೇಗೆ ಕೊಡ್ಲಿ? ಕೇಳಿದ್ರೆ ಆಯ್ತು, ನಾಟಕ ಮುಗೀತು. ನಾಳೆ ಬೆಳಿಗ್ಗೆ ಟೈ ಕಟ್ಕೊಂಡು ನಾನು ಎಲ್ಲಿಗೆ ಅಂತ ಹೊರಡ್ಲಿ?”

“ಹೊರಡ್ಬೇಡಿ. ಮನೇಲಿರಿ.”

“ಅದು ನಿಮ್ಮ ಕೈಲಿ ಆಗ್ತಿದ್ರೆ ನೀವು ಇಲ್ಲಿ ಯಾಕೆ ಕೂತಿರ್ತಿದ್ರಿ?”

ಇನ್‌ಸುಕ್‌ಗೆ ಪಿತ್ತ ನೆತ್ತಿಗೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ಇಂಥ ತುತ್ತು. ಹಾಗಾದರೆ ತನ್ನ ಹನ್ನೆರಡು ವರ್ಷಕ್ಕೆ ಬೆಲೆಯಿಲ್ಲವೇ ಎಂದು ಕೇಳಿದಳು. ಜನರ ಬೆನ್ನು ತೆಗೆದು ತೆಗೆದು ತನ್ನ ಬೆನ್ನೇ ಬಾಗಿಹೋಯಿತು ಎಂದಳು. ಈ ಊರಿನವರಿಗೆಲ್ಲ ಬೂಟು ಹೊಳೆದರೆ ಸಾಕು, ಮುಖ ಏನಾದರೂ ಆಗಲಿ, ಇಂಥವರನ್ನು ಕಟ್ಟಿಕೊಂಡು ಯಾವ ಸತ್ಯದ ಚಿತ್ರ ತೆಗೆಯುವುದು, ಎಂದೂ ಅಂದಳು. ಕಲ್ಲಿನಾಟದ ಇಬ್ಬರೂ ಕಲ್ಲು ಕೈಯಲ್ಲಿ ಹಿಡಿದು ತಿರುಗಿ ನೋಡಿದರು. ನಿಮ್ಮನ್ನು ಕೇಳದೆ ನಾಳೆ ಹಾಕಿಬಿಟ್ಟರೆ ಏನು ಮಾಡುತ್ತೀರಿ, ನೀವೇನು ಗ್ಯಾಲರಿಗೆ ಬರುವವರೇ, ಎಂದು ಕೂಡ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಅದನ್ನು ಬೆಳಗಿನಿಂದ ಯೋಚಿಸುತ್ತಿದ್ದಳು ಎಂಬುದೇ ಅವಳಿಗೆ ಹೇಸಿಗೆಯಾಗಿತ್ತು.

ತಾಕ್ ಮ್ಯಾನೇಜರಿಗೆ ಸಿಟ್ಟು ಬರಲಿಲ್ಲ. ಮಾರಾಟ ವಿಭಾಗದಲ್ಲಿ ಇದಕ್ಕಿಂತ ದೊಡ್ಡ ಬೈಗುಳ ತಿಂದವರು.

“ಮೊದ್ಲು ಊಟ ಮಾಡಿ. ಖಾಲಿ ಹೊಟ್ಟೇಲಿ ಜಗಳಕ್ಕಿಳಿದ್ರೆ ಸೋಲ್ತೀರಿ.”

ಅವಳು ಕೋಪದಲ್ಲೇ ಚೀಲದಿಂದ ಡಬ್ಬಿ ಎಳೆದು ಮುಚ್ಚಳ ಕಿತ್ತಳು. ಬಿಳಿ ಅನ್ನ, ಒಂದು ಕಡೆ ಹುಳಿ ಕೋಸಿನ ಕಿಮ್ಚಿ, ಒಂದು ಕಡೆ ಹುರಿದ ಸಣ್ಣ ಮೀನು. ಮೊಟ್ಟೆ ಇರಲಿಲ್ಲ. ಸೋಮವಾರಕ್ಕೆ ತಪ್ಪದೆ ಒಂದು ಮೊಟ್ಟೆ ಕರಿದು ಅನ್ನದ ಮೇಲೆ ಹಾಸುತ್ತಿದ್ದ ಅಮ್ಮ ಇವತ್ತು ಅದನ್ನೂ ಬಿಟ್ಟಿದ್ದಳು. ಎಲ್ಲರೂ ಸೇರಿ ಇವತ್ತೇ ನನ್ನ ಮೇಲೆ ಬೀಳಬೇಕೇ ಅಂದುಕೊಂಡು ಚಮಚವನ್ನು ತಳದವರೆಗೆ ಚುಚ್ಚಿ ಎತ್ತಿದಳು.

ಹಳದಿ.

ಚಮಚ ಅಲ್ಲೇ ನಿಂತಿತು. ನೆನ್ನೆ ಬಚ್ಚಲಲ್ಲಿ ತಂತಿಯ ಕೆಳಗೆ ನಿಂತ ಅಮ್ಮ ಅವಳಿಗೆ ಕಂಡಳು. ‘ಒಳ್ಳೆ ಹೆಂಡ್ತಿ ಸಿಕ್ಕಿದಾಳೆ.’ ತಾನು ಭೂತಗನ್ನಡಿ ಹಿಡಿದೂ ಕಾಣದ್ದನ್ನು ಆ ಮುದುಕಿ ಬರಿಗಣ್ಣಿನಲ್ಲಿ, ಕೆಂಪು ಬೆಳಕಿನಲ್ಲಿ, ಒಂದೇ ನೋಟಕ್ಕೆ ಓದಿದ್ದಳು. ಓದಿ, ಬಾಯಿ ಬಿಡದೆ, ಬೆಳಿಗ್ಗೆ ಎದ್ದು ಅದೇ ಭಾಷೆಯಲ್ಲಿ ಉತ್ತರ ಬರೆದು ಡಬ್ಬಿಗೆ ತುಂಬಿ ಕಳಿಸಿದ್ದಳು. ಇನ್‌ಸುಕ್‌ಗೆ ಅಳು ಬಂತು, ಅಳುವಿನ ಮೇಲೆ ನಗು ಬಂತು, ಯಾವುದಕ್ಕೂ ದಾರಿ ಸಿಗಲಿಲ್ಲ.

ಕ್ಲಿಕ್.

ತಲೆಯೆತ್ತಿದರೆ ತಾಕ್ ಮ್ಯಾನೇಜರ ಮುಖವಿರಬೇಕಾದ ಕಡೆ ಅವಳದೇ ಕ್ಯಾಮೆರಾ ಇತ್ತು.

“ಯಾರು ಹೇಳಿದ್ರು ನಿಮಗೆ ತೆಗೀರಿ ಅಂತ? ನನ್ನನ್ನ ಕೇಳೋದು ಬೇಡ್ವಾ?”

“ನೀವು ನನ್ನನ್ನ ಕೇಳಿದ್ರಾ?” ಅವರು ಕ್ಯಾಮೆರಾವನ್ನು ಜೋಪಾನವಾಗಿ ಕೆಳಗಿಟ್ಟರು. “ಆದ್ರೆ ಇದರ ಮುದ್ರೆ ಒತ್ತೋದು ನಿಮ್ಮ ಕೈಲೇ ಇದೆ. ನಿಮಗೆ ಬೇಕಾಗಿದ್ದ ಮುಖ ತಾನೆ? ತಗೊಳ್ಳಿ.”

ಅವಳು ಊಟ ಪೂರ್ತಿ ಮಾಡಿದಳು, ಮೊಟ್ಟೆಯನ್ನು ಕೊನೆಗುಳಿಸಿಕೊಂಡು. ಹೊರಡುವಾಗ ಅವರ ಎರಡೂ ಚಿತ್ರಗಳನ್ನು ಅವರಿಗೇ ಕೊಟ್ಟಳು. ಮುಖದ ಚಿತ್ರವನ್ನು ಅವರು ಹರಿದು ಜೇಬಿಗಿಟ್ಟುಕೊಂಡರು. ಇಡೀ ಚಿತ್ರವನ್ನು ಹರಿಯಲಿಲ್ಲ. ಮನೆಗೊಯ್ಯುವ ಹಾಗಿಲ್ಲ, ನೀವೇ ಇಟ್ಟುಕೊಳ್ಳಿ, ನಾಟಕ ಮುಗಿದ ದಿನ ಬಂದು ಇಸಿದುಕೊಳ್ಳುತ್ತೇನೆ ಎಂದು ವಾಪಸು ಕೊಟ್ಟರು.

ಸಂಜೆಯೇ ಅವಳು ಫಿಲ್ಮು ತೊಳೆದು ಮುದ್ರಿಸಿದಳು. ನೋಡಿದಷ್ಟೂ ಮೈ ಉರಿಯಿತು. ಚಿತ್ರ ಎಡಕ್ಕೆ ವಾಲಿತ್ತು. ನೆತ್ತಿ ಕಾಲುಭಾಗ ಹಾರಿಹೋಗಿತ್ತು. ಒಂದು ಮೂಲೆಯಲ್ಲಿ ಮಸಿಯ ಹಾಗೆ ಮ್ಯಾನೇಜರ ಬೆರಳು. ಪತ್ರಿಕೆಗೆ ಮೊದಲ ಸಲ ಬಂದ ಹುಡುಗರು ಇಂಥದನ್ನು ತಂದರೆ ಅವಳು ಕಸದ ಬುಟ್ಟಿ ತೋರಿಸುತ್ತಿದ್ದಳು. ಆದರೆ ಮುಖ ಅಲ್ಲಿತ್ತು, ಚಮಚವಿತ್ತು, ಡಬ್ಬಿಯಿತ್ತು, ತಳದಿಂದೆದ್ದ ಹಳದಿ ಕಪ್ಪುಬಿಳುಪಿನಲ್ಲೂ ಹಳದಿಯೆಂದೇ ತಿಳಿಯುತ್ತಿತ್ತು. ಇಪ್ಪತ್ತು ಬೆನ್ನುಗಳನ್ನು ಒಂದು ತಕ್ಕಡಿಯಲ್ಲಿಟ್ಟು ಇದನ್ನು ಇನ್ನೊಂದರಲ್ಲಿಟ್ಟರೆ ಇದೇ ಕೆಳಗೆ ಜಗ್ಗುತ್ತಿತ್ತು. ಇದನ್ನು ಕೊಡಬೇಕೆ ಎಂದು ಯೋಚಿಸಿದಾಗ ಮಾತ್ರ ಅವಳಿಗೆ ಮ್ಯಾನೇಜರು ಹಾಳೆ ಮುಟ್ಟದೆ ಕೂತದ್ದರ ಅರ್ಥ ಆಯಿತು. ಅವಳಿಗೂ ಕೈ ಬರಲಿಲ್ಲ. ಇದರಲ್ಲೂ ಇಬ್ಬರಿದ್ದರು.

ಮಂಗಳವಾರ ಬೆಳಿಗ್ಗೆ ಅಮ್ಮ ಒಲೆಯ ಮೇಲೆ ಅನ್ನವಿಟ್ಟು ನೆಲದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಇನ್‌ಸುಕ್ ಚಿತ್ರವನ್ನು ಗಿಡ್ಡ ಮೇಜಿನ ಮೇಲೆ ಅವಳ ಮುಂದೆ ಇಟ್ಟಳು. ಅಮ್ಮ ಕೈಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಂಡು, ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಉಪ್ಪು ಜಾಸ್ತಿ ಆಗಿತ್ತೇನೇ?”

“ಇಲ್ಲಮ್ಮ. ಸರಿಯಾಗಿತ್ತು.”

“ಮತ್ತೆ ಮುಖ ಯಾಕೆ ಹಿಂಗ್ ಮಾಡ್ಕೊಂಡಿದೀಯ?”

ನಾಲ್ಕು ತಿಂಗಳು ನಾಳೆಗೆ ದೂಡಿದ್ದ ಮಾತು ಅದಾಗಿಯೇ ಹೊರಬಂತು.

“ಅಮ್ಮ, ನನ್ನ ಕೆಲಸ ಹೋಯ್ತು. ಡಿಸೆಂಬರಲ್ಲೇ.”

ಅಮ್ಮ ಇನ್ನೊಂದು ಎಸಳು ಸುಲಿದು ಬಟ್ಟಲಿಗೆ ಹಾಕಿದಳು.

“ಹೂಂ. ನಿನ್ನ ಬೂಟಿನಡಿಗೆ ಬೆಟ್ಟದ ಮಣ್ಣು ಮೆತ್ಕೊಳ್ಳೋಕೆ ಶುರುವಾಗಿದ್ದೂ ಆಗಲೇ. ದಿನಾ ಕಡ್ಡೀಲಿ ಕೆರೆದು ತೆಗೆಯೋಳು ನಾನಲ್ವೇನೇ? ನಿಮ್ಮ ಆಫೀಸನ್ನ ಬೆಟ್ಟದ ಮೇಲಕ್ಕೆ ಸಾಗಿಸಿರ್ಬೇಕು ಅಂದ್ಕೊಂಡೆ.”

ಇನ್‌ಸುಕ್ ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ಆಮೇಲೆ ಒಪ್ಪಿಗೆ ಪತ್ರ ತೆಗೆದು ವಿಷಯ ಹೇಳಿದಳು. ಇದು ಗೋಡೆಗೆ ಹೋಗುತ್ತದೆ, ಊರವರು ನೋಡುತ್ತಾರೆ, ಪಕ್ಕದ ಬೀದಿಯ ನಿನ್ನ ಗೆಳತಿಯರೂ ನೋಡಬಹುದು, ಬೇಡವೆಂದರೆ ಬೇಡ, ಎಂದಳು. ನನ್ನ ಮುದ್ರೆ ಯಾಕೆ ಬೇಕು, ನಾನು ಇದರಲ್ಲಿ ಎಲ್ಲಿದೀನಿ, ಎಂದು ಅಮ್ಮ ಹುಬ್ಬು ಗಂಟಿಕ್ಕಿದಳು. ಇನ್‌ಸುಕ್ ಚಿತ್ರದಲ್ಲಿನ ಡಬ್ಬಿಯ ತಳದ ಮೇಲೆ ಉಗುರಿಟ್ಟು ತೋರಿಸಿದಳು. ಮುದುಕಿ ಬೀರುವಿನಿಂದ ಮರದ ಮುದ್ರೆ ಹುಡುಕಿ ತಂದು, ಬಾಯಿಂದ ಹಾ ಎಂದು ಊದಿ, ಕೆಂಪು ಮಸಿಗೆ ಅದ್ದಿ ಮಗಳ ಹೆಸರಿನ ಪಕ್ಕ ಒತ್ತಿದಳು. ಹಾಳೆಗೆಲ್ಲ ಬೆಳ್ಳುಳ್ಳಿ ವಾಸನೆ ಹತ್ತಿತು.

ಚಿತ್ರದ ಹಿಂದೆ ‘ಯಾವ ಅಂಚನ್ನೂ ಕತ್ತರಿಸಬಾರದು’ ಎಂದು ಇನ್‌ಸುಕ್ ದಪ್ಪಕ್ಷರದಲ್ಲಿ ಬರೆದಳು, ಪ್ಯೋ ಮೇಡಂ ಅವರ ಕೆಂಪು ಪೆನ್ಸಿಲನ್ನು ನೆನೆದು. ಅದರ ಕೆಳಗೆ ತೆಗೆದವರ ಹೆಸರು ಬರೆಯುವ ಜಾಗ. ಪೆನ್ಸಿಲು ಅಲ್ಲಿ ನಿಂತಿತು. ಮೊದಲ ಪ್ರದರ್ಶನ, ಬಾಗಿಲಿಗೆ ಎದುರಿನ ಚಿತ್ರ, ಅದಕ್ಕೆ ಬೇರೆಯವರ ಹೆಸರು. ಕ್ಯಾಮೆರಾ ತನ್ನದು, ಬೆಳಕು ಅಳೆದವಳು ತಾನು, ಮುಖ ತನ್ನದು. ಎಷ್ಟು ವಾದ ಹೂಡಿದರೂ ಒತ್ತಿದ ಬೆರಳು ತನ್ನದಾಗಲಿಲ್ಲ, ಆ ಬೆರಳು ಮೂಲೆಯಲ್ಲಿ ಸಾಕ್ಷಿಗೆ ಬೇರೆ ಕೂತಿತ್ತು. ಹೊಟ್ಟೆ ಉರಿಯುತ್ತಿತ್ತು. ಉರಿಯುತ್ತಲೇ ಬರೆದಳು: ‘ತಾಕ್, ಮ್ಯಾನೇಜರ್.’

ಒಲೆಯ ಕಡೆಯಿಂದ ಎಣ್ಣೆ ಚುರುಗುಟ್ಟಿದ ಸದ್ದು ಬಂತು. ಅಮ್ಮ ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಬಾಣಲೆ ಹಿಡಿದು ನಿಂತಿದ್ದಳು.

“ಇವತ್ತು ಎಲ್ಲಿಡ್ಲಿ ಹೇಳು. ಮೇಲೋ, ಕೆಳಗೋ?”

“ಮೇಲಿಡಮ್ಮ,” ಎಂದಳು ಇನ್‌ಸುಕ್. “ಎಲ್ಲರೂ ನೋಡ್ಲಿ.”